ಮೂಲವ್ಯಾಧಿ ಮುಲಾಮು ಮಾರುವವನಿಂದ ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ ಒಂದು ಪತ್ರ

ಮಾನ್ಯ ಉತ್ತರ ಕನ್ನಡ ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ, ಕಾರವಾರ.

ನಮಸ್ಕಾರ.

ನಾನು ಶಿರಸಿಯಲ್ಲಿ ಮೆಡಿಕಲ್ ಶಾಪ್ ಇಟ್ಟವನು. ಇಪ್ಪತ್ತೆರಡು ವರ್ಷ ಆಯ್ತು. ಕೌಂಟರಿನ ಎಡಗಡೆ ಮೂರನೇ ಡ್ರಾಯರಿನಲ್ಲಿ ಮೂಲವ್ಯಾಧಿ ಮುಲಾಮು ಇರುತ್ತದೆ. ಎದುರಿಗೆ ಕಾಣುವ ಹಾಗೆ ಇಡುವುದಿಲ್ಲ, ಯಾಕಂದರೆ ಅದನ್ನು ಯಾರೂ ಎದುರಾ ಎದುರು ಕೇಳುವುದಿಲ್ಲ. ಬಂದವರು ಮೊದಲು ಒಂದು ಶೀಟ್ ಪ್ಯಾರಾಸಿಟಮಾಲ್ ಕೇಳುತ್ತಾರೆ. ಪಕ್ಕದಲ್ಲಿ ಹೆಂಗಸರಿದ್ದರೆ ಅವರು ಹೋಗುವವರೆಗೆ ಗೋಡೆಯ ಕ್ಯಾಲೆಂಡರ್ ನೋಡುತ್ತಾ ನಿಲ್ಲುತ್ತಾರೆ. ಆಮೇಲೆ ಕೌಂಟರಿನ ಮೇಲೆ ಬಗ್ಗಿ, 'ಅದೇ, ಉಷ್ಣ ಆಗಿದೆ. ಸ್ವಲ್ಪ ರಕ್ತ ಬೀಳ್ತಾ ಇದೆ. ಹಚ್ಚೋಕೆ ಏನಾದ್ರೂ...' ಅನ್ನುತ್ತಾರೆ. ನಾನು ಡ್ರಾಯರ್ ಎಳೆಯುತ್ತೇನೆ, ಪೇಪರಿನಲ್ಲಿ ಸುತ್ತಿ ಕೊಡುತ್ತೇನೆ. ಒಂದು ನಿಮಿಷದ ವ್ಯಾಪಾರ.

ಹೆಂಗಸರದ್ದು ಇನ್ನೂ ಕಷ್ಟ. ಅವರು ಬರುವುದೇ ಇಲ್ಲ. ಗಂಡನನ್ನೋ ಮಗನನ್ನೋ ಕಳಿಸುತ್ತಾರೆ. ಬಂದವನಿಗೆ ಅದು ಯಾರಿಗೆ, ಎಷ್ಟು ದಿನದಿಂದ ಅಂತ ಗೊತ್ತೇ ಇರುವುದಿಲ್ಲ.

ಆ ಒಂದು ನಿಮಿಷದಲ್ಲಿ ನಾನು ಏನು ಕೇಳಬೇಕಿತ್ತು, ಕೇಳಿದ್ದರೆ ಅವರನ್ನು ಎಲ್ಲಿಗೆ ಕಳಿಸಬೇಕಿತ್ತು ಅನ್ನುವುದೇ ಈ ಪತ್ರ. ಮೊದಲನೆಯದು ನನ್ನ ತಪ್ಪು, ಒಪ್ಪಿಕೊಳ್ಳುತ್ತೇನೆ. ಎರಡನೆಯದಕ್ಕೆ ನಿಮ್ಮ ಹತ್ತಿರ ಉತ್ತರ ಕೇಳುತ್ತಿದ್ದೇನೆ. ಯಾಕಂದರೆ ಮೂಲವ್ಯಾಧಿ ಅಂದುಕೊಂಡ ರಕ್ತ ಕೆಲವೊಮ್ಮೆ ದೊಡ್ಡ ಕರುಳಿನ ಕ್ಯಾನ್ಸರಿನದೂ ಆಗಿರಬಹುದು.

2015ರಲ್ಲಿ ನನ್ನ ಅಪ್ಪಚ್ಚಿ, ಅಂದರೆ ಅಪ್ಪನ ತಮ್ಮ, ಸಿದ್ದಾಪುರ ಕಡೆಯ ಹಳ್ಳಿಯಿಂದ ಅಂಗಡಿಗೆ ಬಂದ. (ನಮ್ಮಲ್ಲಿ ಅಪ್ಪಚ್ಚಿಗೆ ಬಹುವಚನ ಇಲ್ಲ, ಮರ್ಯಾದೆ ಕಮ್ಮಿ ಅಂತ ತಿಳಿಯಬೇಡಿ.) ವಯಸ್ಸು 61. ತೋಟದಲ್ಲಿ ಮೂವತ್ತರವನ ಹಾಗೆ ಓಡಾಡುತ್ತಿದ್ದ ಮನುಷ್ಯ. 'ಎಂತದೂ ಇಲ್ಲೆ ಮಾರಾಯಾ, ಉಷ್ಣ ಅಷ್ಟೇಯಾ' ಅಂದ. ಮುಲಾಮು ಕೊಟ್ಟೆ, ದುಡ್ಡು ತಗೊಳ್ಳಲಿಲ್ಲ. ಮನೆಯಲ್ಲಿ ಚಿಕ್ಕಮ್ಮ ಸುವರ್ಣಗೆಡ್ಡೆ ಪಲ್ಯ ಮಾಡಿದಳು, ಮುರುಗಲ ಪಾನಕ ಮಾಡಿದಳು. ನಾಲ್ಕು ದಿನ ರಕ್ತ ನಿಂತಿತು, ಮತ್ತೆ ಬಂತು. ಹೀಗೇ ಆರು ತಿಂಗಳು.

ಆಮೇಲೆ ಸುಸ್ತು ಅಂತ ಬಂದ. ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ 7.2. ಕಬ್ಬಿಣದ ಮಾತ್ರೆ ಬರೆದರು, ನಾನೇ ಕೊಟ್ಟೆ. ಆ ಮಾತ್ರೆ ನುಂಗಿದರೆ ಮಲ ಕಪ್ಪಾಗುತ್ತದೆ. ಒಳಗಿನಿಂದ ರಕ್ತ ಹೋಗುತ್ತಿದ್ದರೂ ಮಾತ್ರೆಯಿಂದಲೇ ಕಪ್ಪಾಗಿದೆ ಅಂತ ಸುಮ್ಮನಿರುತ್ತೇವೆ. ನಾವೂ ಸುಮ್ಮನಿದ್ದೆವು.

ಅರವತ್ತು ದಾಟಿದ ಗಂಡಸಿಗೆ ರಕ್ತ ಇಷ್ಟು ಕಮ್ಮಿ ಆಗಿದೆ ಅಂದರೆ ಅದು ಎಲ್ಲೋ ಸೋರುತ್ತಿರಬಹುದು. ಗಂಡಸಿಗೆ ಮುಟ್ಟಿಲ್ಲ, ಬಾಣಂತನ ಇಲ್ಲ. ಟ್ಯಾಂಕಿನ ನೀರು ದಿನಾ ಇಳಿಯುತ್ತಿದ್ದರೆ ಪಂಪ್ ಹಾಕಿ ತುಂಬಿಸುತ್ತಾ ಕೂರುವುದಿಲ್ಲ, ಪೈಪ್ ನೋಡುತ್ತೇವೆ ಅಲ್ವಾ? ದೊಡ್ಡ ಕರುಳಿನ ಬಲಗಡೆ ಸೋರಿದರೆ ರಕ್ತ ಕಣ್ಣಿಗೆ ಕಾಣುವುದೇ ಇಲ್ಲ, ಮಲದಲ್ಲಿ ಬೆರೆತು ಹೋಗುತ್ತದೆ. ಸುಸ್ತು ಮತ್ತು ಬಿಳಿಚಿದ ಮುಖ, ಇಷ್ಟೇ ಸುಳಿವು. ಡಿ.ಫಾರ್ಮಾ ಓದಿದ ನನಗೆ ಇದು ಗೊತ್ತಿರಬೇಕಿತ್ತು.

ಒಂದು ರಾತ್ರಿ ಹೊಟ್ಟೆ ಉಬ್ಬಿ, ಗಾಳಿ ಕೂಡ ಹೋಗದೆ, ವಾಂತಿ ಶುರುವಾಯಿತು. ಕಾರು ಮಾಡಿಕೊಂಡು ದೂರದ ದೊಡ್ಡ ಆಸ್ಪತ್ರೆಗೆ ಓಡಿದೆವು. ಕರುಳು ಪೂರ್ತಿ ಕಟ್ಟಿಕೊಂಡಿತ್ತು. ಕ್ಯಾನ್ಸರ್ ಗಡ್ಡೆ ಲಿವರಿಗೂ ಹೋಗಿ ಕೂತಿತ್ತು. ಆಪರೇಶನ್, ಮಲ ಹೋಗಲು ಹೊಟ್ಟೆಯ ಪಕ್ಕಕ್ಕೆ ಚೀಲ, ಕೀಮೋ. 2017ರ ಕೊನೆ ಕೊಯ್ಲಿನ ಹೊತ್ತಿಗೆ ಅಪ್ಪಚ್ಚಿ ಇರಲಿಲ್ಲ.

ಇಷ್ಟಾದ ಮೇಲೆ ನಾನು ಬುದ್ಧಿ ಕಲಿತಿರುತ್ತೇನೆ ಅಂದುಕೊಂಡಿರಾ? 2023ರಲ್ಲಿ, 48ನೇ ವಯಸ್ಸಿಗೆ, ನನಗೇ ರಕ್ತ ಬಿತ್ತು. ನಾನು ಮಾಡಿದ್ದೇನು ಗೊತ್ತಾ? ಮೂರನೇ ಡ್ರಾಯರ್ ಎಳೆದೆ. ಎಂಟು ತಿಂಗಳು ಅದನ್ನೇ ಹಚ್ಚಿಕೊಂಡೆ. ಕೊನೆಗೆ ಹೆಂಡತಿ ಜಗಳ ತೆಗೆದು ಡಾಕ್ಟರ ಹತ್ತಿರ ಕಳಿಸಿದಳು. ಅವರು ಕೈಯಲ್ಲಿ ಪರೀಕ್ಷೆ ಮಾಡಿ 'ಪೈಲ್ಸ್ ಇದೆ' ಅಂದರು. ನನಗೆ ಎಷ್ಟು ಸಮಾಧಾನ ಆಯ್ತು ಅಂದರೆ, ವಾಪಸ್ ಬರುವಾಗ ಜಿಲೇಬಿ ಕಟ್ಟಿಸಿಕೊಂಡು ಬಂದೆ. ಆದರೆ ರಕ್ತ ನಿಲ್ಲಲಿಲ್ಲ. ಇನ್ನೊಬ್ಬ ಡಾಕ್ಟರು ಕೇಳಿದ ಮಾತು ಈಗಲೂ ಕಿವಿಯಲ್ಲಿದೆ. 'ಪೈಲ್ಸ್ ಇದ್ದ ಮಾತ್ರಕ್ಕೆ ಒಳಗೆ ಬೇರೇನೂ ಇಲ್ಲ ಅಂತ ಯಾರು ಹೇಳಿದ್ದು ನಿಮಗೆ?'

ಕೊಲೊನೋಸ್ಕೋಪಿ ಮಾಡಿಸಿ ಅಂದರು. ಗುದದ್ವಾರದಿಂದ ಕ್ಯಾಮೆರಾ ಇರುವ ಕೊಳವೆ ಹಾಕಿ ದೊಡ್ಡ ಕರುಳು ಪೂರ್ತಿ ನೋಡುವುದು. ಇಲ್ಲಿಂದ ನಮ್ಮ ಜಿಲ್ಲೆಯ ಕಥೆ ಶುರು.

ಈ ಪರೀಕ್ಷೆಗೆ ಕರುಳು ಕನ್ನಡಿಯ ಹಾಗೆ ಖಾಲಿ ಇರಬೇಕು. ಅದಕ್ಕೆ ಒಂದು ಪುಡಿ ಕೊಡುತ್ತಾರೆ. ಎರಡು ಲೀಟರ್ ನೀರಿಗೆ ಕಲಸಿ, ಅರ್ಧ ಹಿಂದಿನ ರಾತ್ರಿ, ಅರ್ಧ ಬೆಳಗಿನ ಜಾವ ಕುಡಿಯಬೇಕು. ಉಪ್ಪುಪ್ಪು, ನಿಂಬೆ ವಾಸನೆ. ಮೊದಲ ಲೋಟ ಪರವಾಗಿಲ್ಲ, ಐದನೆಯದು ಗಂಟಲಲ್ಲಿ ಇಳಿಯುವುದಿಲ್ಲ. ಕುಡಿದ ಮೇಲೆ ಹತ್ತು ಹದಿನೈದು ಸಲ ಓಡಬೇಕು. ಕೊನೆಗೆ ಬರೀ ಹಳದಿ ನೀರು ಹೋಗಬೇಕು. ಆಸ್ಪತ್ರೆ ಪಕ್ಕದ ಬೀದಿಯಲ್ಲಿ ಮನೆ ಇದ್ದವನಿಗೆ ಇದು ಸಲೀಸು. ನಾನು ನೂರು ಕಿಲೋಮೀಟರ್ ಆಚೆಯವನು. ಬೆಳಗಿನ ಜಾವದ ಪಾಲನ್ನು ಕುಡಿದು, ಐದೂವರೆ ಗಂಟೆಗೆ ಬಸ್ ಹತ್ತುವುದು ಹೇಗೆ? ದಾರಿಯಲ್ಲಿ ಬಸ್ ನಿಲ್ಲಿಸಿ ಅಂತ ಕಂಡಕ್ಟರನಿಗೆ ಎಷ್ಟು ಸಲ ಹೇಳುವುದು? ಧೈರ್ಯ ಸಾಲದೆ ಕಾಲುಭಾಗ ಕುಡಿದು ಉಳಿದದ್ದನ್ನು ಬಚ್ಚಲಿಗೆ ಸುರಿದು ಹೋದೆ.

ಡಾಕ್ಟರು ಅರ್ಧಕ್ಕೇ ಕೊಳವೆ ವಾಪಸ್ ತೆಗೆದರು. 'ಏನೂ ಕಾಣ್ತಾ ಇಲ್ಲ. ಇನ್ನೊಂದು ದಿನ ಸರಿಯಾಗಿ ಕುಡಿದು ಬನ್ನಿ.' ದುಡ್ಡೂ ಹೋಯಿತು, ದಿನವೂ ಹೋಯಿತು. ಎರಡನೇ ಸಲ ಹಿಂದಿನ ದಿನವೇ ಹೋಗಿ ಲಾಡ್ಜ್ ಮಾಡಿದೆ. ನನ್ನ ಕೈಯಲ್ಲಿ ದುಡ್ಡಿತ್ತು, ಜೊತೆಗೆ ಬರಲು ಹೆಂಡತಿ ಇದ್ದಳು. ಬನವಾಸಿ ಕಡೆಯ ಕೂಲಿ ಮಾಡುವವನೊಬ್ಬ ಎರಡನೇ ಸಲ ಹೋಗುತ್ತಾನಾ? ಜೋಯಿಡಾದ ಕಾಡಿನ ಅಂಚಿನವನು ಮೊದಲನೇ ಸಲವಾದರೂ ಹೋಗುತ್ತಾನಾ? ದೂರ ಅಂದರೆ ಬರೀ ಬಸ್ ಚಾರ್ಜ್ ಅಂತ ಕಾರವಾರದಲ್ಲಿ ಕೂತು ಲೆಕ್ಕ ಹಾಕಬೇಡಿ. ಈ ಪರೀಕ್ಷೆಯಲ್ಲಿ ದೂರವೇ ಪರೀಕ್ಷೆಯನ್ನು ಕೆಡಿಸುತ್ತದೆ. ಕರುಳು ಸರಿಯಾಗಿ ತೊಳೆದಿರದಿದ್ದರೆ ಎಂಥ ಡಾಕ್ಟರಿಗೂ ಕರುಳಿನ ಒಳಗೋಡೆಯಲ್ಲಿ ಬೆಳೆಯುವ ಚಪ್ಪಟೆ ಗಂಟು (ಪಾಲಿಪ್) ತಪ್ಪಿಹೋಗುತ್ತದೆ.

ಇನ್ನು ಆ ಕೋಣೆಯಲ್ಲಿ ಕಂಡದ್ದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ. ನೀವು ಡಾಕ್ಟರು, ನಿಮಗೆ ಗೊತ್ತಿರುವುದೇ. ಆದರೆ ಈ ಪತ್ರ ಓದುವ ನಮ್ಮ ಜನಕ್ಕೆ ಗೊತ್ತಿಲ್ಲ. ಹೆದರಿಕೆಯೆಲ್ಲ ಅಲ್ಲೇ ಇರುವುದು.

ಪೂರ್ತಿ ನಿದ್ದೆ ಬರಿಸಬೇಡಿ ಅಂತ ಕೇಳಿಕೊಂಡಿದ್ದೆ. ಎಡ ಮಗ್ಗುಲಿಗೆ ಮಲಗಿಸಿ, ಮೊಣಕಾಲು ಎದೆಗೆ ತಂದುಕೊಳ್ಳಿ ಅಂದರು. ಕೊಳವೆ ಬೆರಳಿನಷ್ಟು ದಪ್ಪ. ಎದುರಿಗೇ ಟಿವಿ. ಹೊಟ್ಟೆ ಉಬ್ಬರಿಸಿದ ಹಾಗೆ ಆಗುತ್ತದೆ, ತಿರುವುಗಳಲ್ಲಿ ಹಿಂಡಿದ ಹಾಗೆ ಆಗುತ್ತದೆ. ಅಷ್ಟೇ. ದೊಡ್ಡ ಕರುಳು ಸುಮಾರು ಐದು ಅಡಿ ಉದ್ದ. ಕೊನೆಯವರೆಗೆ ಹೋಗಿ, ನಿಜವಾಗಿ ಹುಡುಕುವುದು ವಾಪಸ್ ಬರುವಾಗ. ಆ ವಾಪಸ್ ಬರುವುದಕ್ಕೆ ಕನಿಷ್ಠ ಆರು ನಿಮಿಷ ಕೊಡಬೇಕು ಅಂತ ಡಾಕ್ಟರುಗಳಲ್ಲೇ ಒಂದು ಅಳತೆ ಇದೆ. ಅವಸರ ಮಾಡಿದವನಿಗೆ ಗಂಟು ಸಿಗುವುದಿಲ್ಲ.

ನನ್ನ ಕರುಳಿನ ಎಡಭಾಗದಲ್ಲಿ ಅವರು ನಿಂತರು. ನನಗೇನೂ ಕಾಣಲಿಲ್ಲ. ಗಂಟು ಅಂದರೆ ಅಣಬೆಯ ಹಾಗೆ ಎದ್ದು ನಿಂತಿರುತ್ತದೆ ಅಂದುಕೊಂಡಿದ್ದೆ. ಅಂಥವೂ ಇರುತ್ತವಂತೆ, ತೊಟ್ಟು ಸಮೇತ. ನನ್ನದು ಚಪ್ಪಟೆ, ಕಾಯಿಸಿದ ಹಾಲಿನ ಕೆನೆ ಒಂದು ಕಡೆ ಸುಕ್ಕಾದ ಹಾಗೆ. ಡಾಕ್ಟರು ಒಂದು ಬಟನ್ ಒತ್ತಿದರು. ಟಿವಿಯ ಬಣ್ಣವೇ ಬದಲಾಯಿತು. ಬಿಳಿ ಬೆಳಕಿನ ಬದಲು ಬರೀ ನೀಲಿ ಮತ್ತು ಹಸಿರು ಬೆಳಕು. ರಕ್ತ ಆ ಬೆಳಕನ್ನು ಹೀರಿಕೊಳ್ಳುವುದರಿಂದ ಸಣ್ಣ ರಕ್ತನಾಳಗಳು ಕಂದು ಗೆರೆಗಳಾಗಿ ಎದ್ದು ಕಂಡವು. ಆಮೇಲೆ ನೀಲಿ ಬಣ್ಣದ ನೀರು ಚಿಮುಕಿಸಿದರು. ಸುಕ್ಕಿನ ಮೇಲಿದ್ದ ಸಣ್ಣ ಸಣ್ಣ ಗುಳಿಗಳಲ್ಲಿ ಬಣ್ಣ ನಿಂತು, ರಂಗೋಲಿ ಬಿಡಿಸಿದ ಹಾಗೆ ಕಂಡಿತು.

ಆ ಗುಳಿಗಳ ಆಕಾರ ನೋಡಿಯೇ ಗಂಟು ಎಂಥದು ಅಂತ ಹೇಳುತ್ತಾರೆ. ಗುಂಡಗಿದ್ದರೆ ಮಾಮೂಲಿ ಒಳಪದರ. ಉದ್ದುದ್ದ, ಕೊಳವೆ ಕೊಳವೆಯಾಗಿದ್ದರೆ ಅಡಿನೋಮಾ, ಅಂದರೆ ಮುಂದೆ ಕೆಡಬಹುದಾದ ಗಂಟು. ಚೆಲ್ಲಾಪಿಲ್ಲಿಯಾಗಿದ್ದರೆ, ಆಕಾರವೇ ಅಳಿಸಿಹೋಗಿದ್ದರೆ ಕ್ಯಾನ್ಸರ್ ಒಳಕ್ಕೆ ಇಳಿದಿದೆ ಅಂತ ಅನುಮಾನ. ಜಪಾನಿನ ಕುಡೋ ಅನ್ನುವ ಡಾಕ್ಟರು ಹಾಕಿಕೊಟ್ಟ ಲೆಕ್ಕ ಇದು. ಕೇಳಿದಾಗ ನನಗೆ ನೆನಪಾಗಿದ್ದು ನಮ್ಮ ಅಡಿಕೆ ಟೆಂಡರು. ವ್ಯಾಪಾರಿ ರಾಶಿಗೆ ಕೈ ಹಾಕಿ ನಾಲ್ಕು ಅಡಿಕೆ ಅಂಗೈ ಮೇಲೆ ಹೊರಳಿಸುತ್ತಾನೆ, ಒಡೆಯುವ ಮೊದಲೇ ಇದು ಚಾಲಿ, ಇದು ಬಿಳಗೋಟು, ಇದು ಕೆಂಪಗೋಟು ಅಂದುಬಿಡುತ್ತಾನೆ. ಆ ಕಣ್ಣು ಒಂದು ದಿನಕ್ಕೆ ಬರುವಂಥದಲ್ಲ. ಇಲ್ಲೂ ಹಾಗೇ. ಯಂತ್ರಕ್ಕಿಂತ ಜಾಸ್ತಿ ಬೆಲೆ ಆ ಕಣ್ಣಿಗೆ. ಅದಕ್ಕೇ ಮುಂದೆ ನಾನು ಯಂತ್ರದ ಜೊತೆ ಮನುಷ್ಯನನ್ನೂ ಕೇಳುತ್ತೇನೆ.

'ತೆಗೆಯಬಹುದು' ಅಂದರು. ಕೊಳವೆಯ ಒಳಗಿಂದ ಉದ್ದನೆ ಸೂಜಿ ಬಂತು. ಗಂಟಿನ ಅಡಿಗೆ ನೀಲಿ ನೀರು ಚುಚ್ಚಿದರು. ಹಲಸಿನ ಹಪ್ಪಳ ಕೆಂಡದ ಮೇಲೆ ಹಿಡಿದಾಗ ಗುಳ್ಳೆ ಏಳುತ್ತದಲ್ಲ, ಹಾಗೆ ಇಡೀ ಸುಕ್ಕು ಮೇಲೆದ್ದು ಬಂತು. ಡಾಕ್ಟರ ಮುಖ ಸಡಿಲವಾಯಿತು. ಎದ್ದು ಬಂದರೆ ಅದು ಮೇಲಿನ ಪದರದಲ್ಲೇ ಇದೆ ಅಂತ ನಂಬಬಹುದಂತೆ. ಸುತ್ತಲೂ ಉಬ್ಬಿ, ಗಂಟು ಮಾತ್ರ ಅಲ್ಲೇ ಕಚ್ಚಿಕೊಂಡಿದ್ದರೆ ಬೇರು ಕೆಳಗೆ ಇಳಿದಿರಬಹುದು, ಆಗ ಕೈ ಹಾಕದೆ ಸರ್ಜನ್ ಹತ್ತಿರ ಕಳಿಸುವುದು ಕ್ಷೇಮ. ಆಮೇಲೆ ತಂತಿಯ ಕುಣಿಕೆ ಬಂತು. ಗಂಟಿನ ಸುತ್ತ ಹಾಕಿ ಬಿಗಿದು ಕರೆಂಟ್ ಕೊಟ್ಟರು. ಸ್ವಲ್ಪ ಹೊಗೆ. ಕರುಳಿನ ಒಳಪದರ ಕತ್ತರಿಸಿದರೆ ನೋವು ಗೊತ್ತಾಗುವುದಿಲ್ಲ. ನನಗೂ ಗೊತ್ತಾಗಲಿಲ್ಲ. ಗಾಯದ ಬಾಯಿಗೆ ಎರಡು ಲೋಹದ ಕ್ಲಿಪ್ ಹಾಕಿದರು, ಬಟ್ಟೆ ಒಣಹಾಕುವ ಕ್ಲಿಪ್ಪಿನ ಮರಿಯ ಹಾಗೆ. ಎಲ್ಲ ಸೇರಿ ಮುಕ್ಕಾಲು ಗಂಟೆ.

ತೆಗೆದ ತುಂಡು 18 ಮಿಲಿಮೀಟರ್. ಅದನ್ನು ಥರ್ಮೋಕೋಲ್ ಮೇಲೆ ಹರಡಿ, ಅಂಚಿಗೆ ಗುಂಡುಸೂಜಿ ಚುಚ್ಚಿ ಫಾರ್ಮಲಿನ್‌ಗೆ ಹಾಕಿದರು. ಸುಮ್ನೆ ಬಾಟಲಿಗೆ ಎಸೆದರೆ ಮುದುಡಿಕೊಂಡು ಯಾವುದು ಮೇಲೆ, ಯಾವುದು ಅಂಚು ಅಂತ ಗೊತ್ತಾಗುವುದಿಲ್ಲವಂತೆ. ಹತ್ತು ದಿನಕ್ಕೆ ರಿಪೋರ್ಟ್ ಬಂತು. ಕೆಡಲು ಹೊರಟಿದ್ದ ಅಡಿನೋಮಾ, ಪೂರ್ತಿ ಕ್ಯಾನ್ಸರ್ ಆಗಿರಲಿಲ್ಲ, ಅಂಚುಗಳು ಸ್ವಚ್ಛ. ಮೂರು ವರ್ಷಕ್ಕೆ ಮತ್ತೆ ನೋಡಿಸಿ ಅಂದರು. ಕೀಮೋ ಇಲ್ಲ, ಚೀಲ ಇಲ್ಲ. ಮಾರನೇ ದಿನ ಮನೆಯಲ್ಲಿ ಗಂಜಿ ಉಂಡೆ.

ಅಪ್ಪಚ್ಚಿಯದೂ ಯಾವತ್ತೋ ಒಂದು ದಿನ ಇಷ್ಟೇ ಇದ್ದಿರಬೇಕು.

ಈ ರೋಗದ ಒಂದು ಗುಣ ಅಂದರೆ ಅದರ ನಿಧಾನ. ಅಡಿಕೆ ಸಸಿ ನೆಟ್ಟರೆ ಐದಾರು ವರ್ಷಕ್ಕೆ ಫಸಲು ನೋಡುತ್ತೇವೆ. ಸಣ್ಣ ಗಂಟು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ಹತ್ತು ವರ್ಷದ ಹತ್ತಿರ ತಗೊಳ್ಳುತ್ತದೆ. ಹೆಚ್ಚಿನ ಗಂಟುಗಳು ಕ್ಯಾನ್ಸರ್ ಆಗುವುದೇ ಇಲ್ಲ, ಹೆದರಿಸುವುದಕ್ಕೆ ಬರೆಯುತ್ತಿಲ್ಲ. ಆದರೆ ಆಗುವಂಥದಕ್ಕೂ ನಮಗೆ ಇಷ್ಟು ಸಮಯ ಸಿಗುತ್ತದೆ. ಇಷ್ಟು ಪುರಸೊತ್ತು ಕೊಡುವ ಕ್ಯಾನ್ಸರ್ ಬೇರೆ ಎಷ್ಟಿವೆ ಹೇಳಿ?

ಕ್ಯಾನ್ಸರ್ ಆಗಿಬಿಟ್ಟಿದ್ದರೂ ಕೆಲವೊಮ್ಮೆ ಕೊಳವೆಯಲ್ಲೇ ಮುಗಿಯುತ್ತದೆ. ಅದು ಎಷ್ಟು ಆಳ ಇಳಿದಿದೆ ಅನ್ನುವುದೇ ಪ್ರಶ್ನೆ. ಕರುಳಿನ ಒಳಪದರದ ಕೆಳಗಿನ ಪದರಕ್ಕೆ ಒಂದು ಮಿಲಿಮೀಟರಿಗಿಂತ ಕಮ್ಮಿ ಇಳಿದಿದ್ದರೆ, ಜೀವಕೋಶಗಳು ತೀರಾ ಕೆಟ್ಟಿರದಿದ್ದರೆ, ರಕ್ತನಾಳದೊಳಗೆ ನುಗ್ಗಿರದಿದ್ದರೆ, ಅದು ದುಗ್ಧಗ್ರಂಥಿಗಳಿಗೆ (ಲಿಂಫ್ ನೋಡ್) ಹರಡಿರುವ ಸಂಭವ ತುಂಬಾ ಕಮ್ಮಿ. ತೆಗೆದದ್ದೇ ಚಿಕಿತ್ಸೆ. ಅದಕ್ಕಿಂತ ಆಳವಾದರೆ ಆಪರೇಶನ್ ಮಾತಾಡಬೇಕು. ಒಂದು ಮಿಲಿಮೀಟರ್ ಅಂದರೆ ನಿಮ್ಮ ಜೇಬಿನ ಎಟಿಎಂ ಕಾರ್ಡಿನ ದಪ್ಪಕ್ಕಿಂತ ಚೂರು ಜಾಸ್ತಿ. ಅಪ್ಪಚ್ಚಿಗೂ ನನಗೂ ನಡುವೆ ಇರುವ ಗೆರೆ ಎಷ್ಟು ತೆಳು ನೋಡಿ.

ಎರಡು ಸೆಂಟಿಮೀಟರಿಗಿಂತ ದೊಡ್ಡ ಚಪ್ಪಟೆ ಗಂಟನ್ನು ಒಂದೇ ತುಂಡಾಗಿ ತೆಗೆಯಲು ಸಾಮಾನ್ಯವಾಗಿ ಕುಣಿಕೆ ಸಾಲುವುದಿಲ್ಲ. ತುಂಡು ತುಂಡಾಗಿ ತೆಗೆದರೆ ಆಳ ಅಳೆಯಲು ಆಗುವುದಿಲ್ಲ, ಉಳಿದ ಚೂರು ಮತ್ತೆ ಬೆಳೆಯಬಹುದು. ಕ್ಯಾನ್ಸರಿನ ಅನುಮಾನ ಇದ್ದರಂತೂ ಹಾಗೆ ತೆಗೆಯಬಾರದು. ಅಂಥದಕ್ಕೆ ಕೊಳವೆಯೊಳಗಿಂದಲೇ ಸಣ್ಣ ಚಾಕು ಹಾಕಿ, ಹಲಸಿನ ತೊಳೆಯಿಂದ ಬೀಜದ ಸಿಪ್ಪೆ ಬಿಡಿಸುವಷ್ಟು ನಾಜೂಕಾಗಿ, ಪದರವನ್ನೇ ಒಂದೇ ತುಂಡಾಗಿ ಬಿಡಿಸುವ ವಿಧಾನ ಇದೆ. ಇಎಸ್‌ಡಿ ಅನ್ನುತ್ತಾರೆ. ಜಪಾನಿನಲ್ಲಿ ಹುಟ್ಟಿದ್ದು. ಅಲ್ಲಿ ದೊಡ್ಡ ಕರುಳಿಗೆ ಇದನ್ನು 2012ರಲ್ಲಿ ಸರ್ಕಾರಿ ವಿಮೆಗೇ ಸೇರಿಸಿದ್ದಾರೆ. ಕರುಳು ತೂತಾಗುವ ಅಪಾಯ ಇದರಲ್ಲಿ ಜಾಸ್ತಿ, ವರ್ಷಗಟ್ಟಲೆ ಪಳಗಿದ ಕೈ ಬೇಕು. ಇದು ಶಿರಸಿಯಲ್ಲೇ ಬೇಕು ಅಂತ ನಾನು ಹಠ ಹಿಡಿಯುವುದಿಲ್ಲ. ಅದಕ್ಕೆ ಹುಬ್ಬಳ್ಳಿಗೋ ಮಣಿಪಾಲಕ್ಕೋ ಬೆಂಗಳೂರಿಗೋ ಹೋಗೋಣ, ಒಂದು ಸಲ ತಾನೆ. ಆದರೆ ಗಂಟು ಇದೆಯೋ ಇಲ್ಲವೋ ನೋಡುವುದಕ್ಕೂ, ಒಂದು ಸೆಂಟಿಮೀಟರ್ ಒಳಗಿನದನ್ನು ತೆಗೆಯುವುದಕ್ಕೂ ಅಲ್ಲಿಗೇ ಹೋಗಬೇಕಾ?

ಅಪ್ಪಚ್ಚಿಯ ಮಗನ ವಿಷಯ ಹೇಳುತ್ತೇನೆ. ಅಪ್ಪನಿಗೋ ಅಮ್ಮನಿಗೋ ಒಡಹುಟ್ಟಿದವರಿಗೋ ಈ ಕ್ಯಾನ್ಸರ್ ಬಂದಿದ್ದರೆ ನಲವತ್ತಕ್ಕೇ ನೋಡಿಸಿಕೊಳ್ಳಬೇಕು. ಇಲ್ಲವೇ ಅವರಿಗೆ ಬಂದ ವಯಸ್ಸಿಗಿಂತ ಹತ್ತು ವರ್ಷ ಮೊದಲು, ಯಾವುದು ಮೊದಲೋ ಅದು. ಅವನು ನನ್ನ ಒತ್ತಾಯಕ್ಕೆ ಹೋದ. ಐದಾರು ಮಿಲಿಮೀಟರಿನ ಎರಡು ಗಂಟು ಸಿಕ್ಕವು. ಇಷ್ಟು ಸಣ್ಣದಕ್ಕೆ ಕರೆಂಟ್ ಕೂಡ ಬೇಡ, ಬರೀ ತಂತಿಯ ಕುಣಿಕೆಯಲ್ಲೇ ಕತ್ತರಿಸಿದರು. ಸಂಜೆ ಮನೆಗೆ ಬಂದು ದನಕ್ಕೆ ಹುಲ್ಲು ಹಾಕಿದ. ಅಪ್ಪ ಸತ್ತು ಆರು ವರ್ಷದ ತನಕ ಅವನಿಗೆ ಈ ಮಾತನ್ನು ಯಾರೂ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ.

ಈ ವಿದ್ಯೆ ಹೊಸದೇನಲ್ಲ. ನ್ಯೂಯಾರ್ಕಿನಲ್ಲಿ ಹಿರೋಮಿ ಶಿನ್ಯಾ ಮತ್ತು ವಿಲಿಯಂ ವುಲ್ಫ್ ಅನ್ನುವ ಡಾಕ್ಟರುಗಳು ಹೊಟ್ಟೆ ಕೊಯ್ಯದೆ ಕೊಳವೆ ಮೂಲಕ ಕುಣಿಕೆ ಹಾಕಿ ಗಂಟು ತೆಗೆದದ್ದು 1969ರಲ್ಲಿ. ಹೀಗೆ ಅಡಿನೋಮಾ ತೆಗೆಸಿಕೊಂಡವರನ್ನು ಅಮೆರಿಕದಲ್ಲಿ ವರ್ಷಾನುಗಟ್ಟಲೆ ಗಮನಿಸಿ 2012ರಲ್ಲಿ ಲೆಕ್ಕ ಕೊಟ್ಟರು. ಅವರಲ್ಲಿ ಈ ಕ್ಯಾನ್ಸರಿನಿಂದ ಆದ ಸಾವು, ಸಾಮಾನ್ಯ ಜನರಲ್ಲಿ ಆಗಬೇಕಿದ್ದಕ್ಕಿಂತ 53 ಶೇಕಡಾ ಕಮ್ಮಿ. ಇದಕ್ಕಿಂತ ಹೆಚ್ಚಿನ ಪುರಾವೆ ಬೇಡ ಅನ್ನಿಸುತ್ತದೆ.

ಈಗ ನಮ್ಮ ಜಿಲ್ಲೆ. 12 ತಾಲೂಕು, 2011ರ ಜನಗಣತಿಯಲ್ಲೇ 14 ಲಕ್ಷಕ್ಕೂ ಮೇಲೆ ಜನ. ಕಾರವಾರದವರು ಗೋವಾದ ಬಾಂಬೋಳಿ ಆಸ್ಪತ್ರೆಗೆ ಹೋಗುತ್ತಾರೆ, ಭಟ್ಕಳ ಹೊನ್ನಾವರದವರು ಮಣಿಪಾಲ ಮಂಗಳೂರಿಗೆ, ನಾವು ಘಟ್ಟದ ಮೇಲಿನವರು ಹುಬ್ಬಳ್ಳಿಗೆ. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರು ಬಳಿಯ ಶಿರೂರು ಟೋಲ್ ಗೇಟಿನಲ್ಲಿ ಮಗುಚಿ ನಾಲ್ವರು ಸತ್ತರು. ಎರಡು ವರ್ಷ ಕಳೆದು ಅದೇ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ಮುಚ್ಚಿತು. ಹೆಸರು ಒಂದೇ, ಊರು ಬೇರೆ, ದಾರಿ ಅದೇ. ಮಳೆಗಾಲದಲ್ಲಿ ಶಿರಸಿ-ಕುಮಟಾ ದಾರಿಯ ದೇವಿಮನೆ ಘಟ್ಟದ ಮಾತು ಬೇರೆ ಹೇಳಬೇಕಾಗಿಲ್ಲ.

ದೊಡ್ಡ ಆಸ್ಪತ್ರೆ ಬೇಕು ಅಂತ 2022ರಲ್ಲಿ ಫೇಸ್‌ಬುಕ್ಕಿನಲ್ಲಿ, ವಾಟ್ಸಾಪಿನಲ್ಲಿ ನಾವೆಲ್ಲ ಕೂಗಿದೆವು. ನಾನೂ ಕೂಗಿದವನೇ, ಈಗಲೂ ಬೇಕು ಅನ್ನುತ್ತೇನೆ. ಆದರೆ ಒಂದು ಮಾತು ಹೇಳಿದರೆ ಗೆಳೆಯರೇ ನನ್ನ ಮೇಲೆ ಸಿಟ್ಟಾಗುತ್ತಾರೆ. ಕಟ್ಟಡ ಎಲ್ಲಿ ಕಟ್ಟಬೇಕು, ಕುಮಟೆಯಲ್ಲೋ ಕಾರವಾರದಲ್ಲೋ ಶಿರಸಿಯಲ್ಲೋ ಅನ್ನುವ ಜಗಳದಲ್ಲಿ ನಾವು ವರ್ಷ ಕಳೆಯುತ್ತೇವೆ. ಜಾಗ, ಶಂಕುಸ್ಥಾಪನೆ, ಪೇಪರಿನಲ್ಲಿ ಫೋಟೋ. ನನ್ನ ಗಂಟು ತೆಗೆದ ಕೋಣೆ ನಮ್ಮ ಮನೆಯ ಜಗುಲಿಗಿಂತ ಚಿಕ್ಕದಿತ್ತು. ಒಬ್ಬ ಡಾಕ್ಟರು, ಇಬ್ಬರು ನರ್ಸುಗಳು, ಒಂದು ಕೊಳವೆ, ಒಂದು ಟಿವಿ, ಕೊಳವೆ ತೊಳೆದು ಸೋಂಕು ಕಳೆಯುವ ಜಾಗ. ಈ ಒಂದು ಕೆಲಸಕ್ಕೆ ಹತ್ತು ಮಹಡಿ ಕಾಯಬೇಕಾಗಿಲ್ಲ.

ಹಾಗಾಗಿ ನನ್ನ ಬೇಡಿಕೆ ಸಣ್ಣದು. ಕಾರವಾರದಲ್ಲಿ ಒಂದು, ಘಟ್ಟದ ಮೇಲೆ ಶಿರಸಿಯಲ್ಲಿ ಒಂದು, ಸರ್ಕಾರಿ ಆಸ್ಪತ್ರೆಯಲ್ಲಿ ವಾರಕ್ಕೆ ಗೊತ್ತಾದ ಎರಡು ದಿನ ಕೊಲೊನೋಸ್ಕೋಪಿ ನಡೆಯಲಿ. ಪರಿಣತರು ಖಾಯಂ ಸಿಗದಿದ್ದರೆ ಹೊರಗಿನಿಂದ ಬಂದು ಮಾಡಿಹೋಗುವ ವ್ಯವಸ್ಥೆ ಆಗಲಿ. ನಮ್ಮ ಯುವ ಡಾಕ್ಟರೊಬ್ಬರನ್ನು ಕಲಿಯಲು ಕಳಿಸಿ, ಕಲಿತು ಬಂದ ಮೇಲೆ ಇಲ್ಲೇ ಉಳಿಸಿಕೊಳ್ಳಿ. ದೂರದವರಿಗೆ ಹಿಂದಿನ ರಾತ್ರಿ ಉಳಿಯಲು ನಾಲ್ಕು ಹಾಸಿಗೆ ಮತ್ತು ಸ್ವಚ್ಛ ಪಾಯಖಾನೆ ಕೊಡಿ. ಎರಡು ಲೀಟರ್ ಅಲ್ಲೇ ಕುಡಿಯಲಿ, ನರ್ಸ್ ಎದುರಿಗೆ. ನಗಬೇಡಿ, ಈ ಪಾಯಖಾನೆ ಕೊಳವೆಯಷ್ಟೇ ಮುಖ್ಯ.

ಮಾಡುವವರಿಗೆ ಒಂದು ಶಿಸ್ತೂ ಬೇಕು. ದೊಡ್ಡ ಚಪ್ಪಟೆ ಗಂಟು ಕಂಡರೆ ಅಲ್ಲಲ್ಲಿ ಚಿವುಟಿ ಬಯಾಪ್ಸಿ ತೆಗೆಯಬಾರದು. ಚಿವುಟಿದ ಕಡೆ ಕಲೆ ಕಟ್ಟಿ, ಆಮೇಲೆ ನೀರು ಚುಚ್ಚಿದರೂ ಗಂಟು ಮೇಲೇಳುವುದಿಲ್ಲ. ಒಳ್ಳೆ ಫೋಟೋ ತೆಗೆದು, ದೊಡ್ಡ ಆಸ್ಪತ್ರೆಗೆ ಫೋನ್ ಮಾಡಿ ಕಳಿಸಿದರೆ ಅದೇ ದೊಡ್ಡ ಉಪಕಾರ. ಕೊಳವೆ ಪರೀಕ್ಷೆಯಲ್ಲಿ ಕರುಳು ತೂತಾಗುವುದು ಅಪರೂಪ. ಬರೀ ನೋಡುವ ಪರೀಕ್ಷೆಯಲ್ಲಿ ಸಾವಿರಕ್ಕೆ ಒಂದಕ್ಕಿಂತ ಕಮ್ಮಿ. ಅಪರೂಪ ಅಂದರೆ ಇಲ್ಲ ಅಂತಲ್ಲ. ಆದ್ದರಿಂದ ಸರ್ಜನ್ ಇರುವ ಆಸ್ಪತ್ರೆಯಲ್ಲೇ ಮಾಡಿ, ಸಿಕ್ಕ ಸಿಕ್ಕ ಕಡೆ ಕ್ಯಾಂಪ್ ಹಾಕಿ ಬೇಡ.

ನಲವತ್ತೈದು ದಾಟಿದವರಿಗೆಲ್ಲ ಕೊಳವೆ ಹಾಕಿ ಅಂತಲೂ ನಾನು ಕೇಳುತ್ತಿಲ್ಲ. ಅಮೆರಿಕದಲ್ಲಿ 2021ರಿಂದ ಆ ವಯಸ್ಸಿಗೇ ತಪಾಸಣೆ ಶುರು ಮಾಡಿ ಅನ್ನುತ್ತಾರೆ. ಅಲ್ಲಿ ಈ ರೋಗವೂ ಜಾಸ್ತಿ, ಅವರ ಹತ್ತಿರ ದುಡ್ಡೂ ಜಾಸ್ತಿ. ನಮ್ಮಲ್ಲಿ ರಕ್ತ ಬಿದ್ದವರಿಗೆ, ಕಾರಣವಿಲ್ಲದೆ ಹಿಮೋಗ್ಲೋಬಿನ್ ಇಳಿದವರಿಗೆ, ಮಲವಿಸರ್ಜನೆಯ ರೂಢಿ ವಾರಗಟ್ಟಲೆ ಬದಲಾದವರಿಗೆ, ಮನೆಯಲ್ಲಿ ಒಬ್ಬರಿಗೆ ಆಗಿದ್ದವರಿಗೆ ಸಿಕ್ಕರೂ ಸಾಕು. ಉಳಿದವರಿಗೆ ಬೇಕಾದರೆ ಮಲದಲ್ಲಿ ಕಣ್ಣಿಗೆ ಕಾಣದ ರಕ್ತ ಹುಡುಕುವ ಪರೀಕ್ಷೆ ಇದೆ, ಫಿಟ್ ಅಂತ. ಒಂದು ಕಡ್ಡಿಯಲ್ಲಿ ಚೂರು ಮಲ ತಾಗಿಸಿ ಡಬ್ಬಿಗೆ ಹಾಕಿ ಕೊಡುವುದು, ಅಷ್ಟೆ. ಮನುಷ್ಯನ ರಕ್ತವನ್ನು ಮಾತ್ರ ಗುರುತಿಸುವುದರಿಂದ ಹಿಂದಿನ ದಿನ ಮೀನು ತಿಂದರೂ ಮಾಂಸ ತಿಂದರೂ ತೊಂದರೆ ಇಲ್ಲ. ಕರಾವಳಿಯವರಿಗೆ ಇದನ್ನು ಮೊದಲು ಹೇಳಬೇಕು, ಮೀನು ಬಿಡಬೇಕು ಅಂದರೆ ಅವರು ಪರೀಕ್ಷೆಯನ್ನೇ ಬಿಡುತ್ತಾರೆ. ಜಪಾನಿನಲ್ಲಿ ನಲವತ್ತು ದಾಟಿದವರಿಗೆ ಮಲ ಪರೀಕ್ಷೆಯ ಕಾರ್ಯಕ್ರಮ 1992ರಿಂದಲೇ ಇದೆ.

ಇನ್ನೊಂದು ಕೆಲಸಕ್ಕೆ ಖರ್ಚೇ ಇಲ್ಲ. ಮೂವತ್ತು ದಾಟಿದವರನ್ನು ತಪಾಸಣೆ ಮಾಡುವ ಸರ್ಕಾರದ ಕಾರ್ಯಕ್ರಮ ಇದೆಯಲ್ಲ, ಬಿಪಿ, ಶುಗರ್, ಬಾಯಿ, ಸ್ತನ ಮತ್ತು ಗರ್ಭಕೊರಳಿನ ಕ್ಯಾನ್ಸರ್. ಅದಕ್ಕಾಗಿ ಆಶಾ ಕಾರ್ಯಕರ್ತೆ ನಮ್ಮ ಮನೆಗೂ ಬಂದಿದ್ದಳು. ಬಾಯಿ ಹುಣ್ಣು ಇದೆಯಾ, ಕೆಮ್ಮು ಇದೆಯಾ, ತೂಕ ಇಳಿದಿದೆಯಾ ಅಂತೆಲ್ಲ ಕೇಳಿದಳು. ಮಲದಲ್ಲಿ ರಕ್ತ ಬರುತ್ತಾ ಅಂತ ಕೇಳಲಿಲ್ಲ. ಆಗ ನನಗೆ ಬರುತ್ತಿತ್ತು. ಕೇಳಿದ್ದರೆ ಹೇಳುತ್ತಿದ್ದೆನಾ? ಜಗುಲಿಯಲ್ಲಿ ಹೇಳುತ್ತಿರಲಿಲ್ಲವೇನೋ. ಆದರೆ ಅವಳು ಒಳಗೆ ಹೋಗಿ ನನ್ನ ಹೆಂಡತಿಯನ್ನು ಕೇಳಿದ್ದರೆ ಅವತ್ತೇ ಗೊತ್ತಾಗುತ್ತಿತ್ತು. ಆ ಒಂದು ಪ್ರಶ್ನೆ ಸೇರಿಸಲು ಬೆಂಗಳೂರಿನ, ದಿಲ್ಲಿಯ ಅಪ್ಪಣೆ ಬೇಕಾದರೆ ಬರೆಯಿರಿ. ಬರುವ ತನಕ ನಮ್ಮ ಜಿಲ್ಲೆಯ ಆಶಾಗಳಿಗೆ ಬಾಯಿಮಾತಿನಲ್ಲಿ ಹೇಳಿಕೊಡುವುದಕ್ಕೆ ನಿಮಗೆ ಯಾರ ಅಪ್ಪಣೆಯೂ ಬೇಡ ಅಂದುಕೊಳ್ಳುತ್ತೇನೆ.

ನನ್ನ ಕಡೆಯಿಂದ ನಾನು ಶುರು ಮಾಡಿದ್ದೇನೆ. ಮೂರನೇ ಡ್ರಾಯರಿನ ಒಳಗೆ, ಮುಲಾಮಿನ ಡಬ್ಬಿಗಳ ಮೇಲೆ ಒಂದು ಚೀಟಿ ಅಂಟಿಸಿದ್ದೇನೆ. ವಯಸ್ಸೆಷ್ಟು, ಎಷ್ಟು ದಿನದಿಂದ, ಮೊದಲು ಯಾರಾದರೂ ಒಳಗೆ ನೋಡಿದ್ದಾರಾ, ಮನೆಯಲ್ಲಿ ಯಾರಿಗಾದರೂ ಆಗಿತ್ತಾ. ಈ ನಾಲ್ಕು ಕೇಳದೆ ಮುಲಾಮು ಕೊಡುವುದಿಲ್ಲ. ಕೆಲವರು ಸಿಟ್ಟಾಗಿ ಪಕ್ಕದ ಅಂಗಡಿಗೆ ಹೋಗುತ್ತಾರೆ, ಹೋಗಲಿ. ಉತ್ತರ ಹೇಳಿದವರು ಆಮೇಲೆ ಕೇಳುತ್ತಾರೆ, 'ಹಂಗಾರೆ ಎಲ್ಲಿಗೆ ಹೋಗಬೇಕು? ಯಾವ ದಿನ? ಎಷ್ಟಾಗುತ್ತೆ? ಆಯುಷ್ಮಾನ್ ಕಾರ್ಡ್ ನಡೆಯುತ್ತಾ?'

ಆ ಉತ್ತರ ನಿಮ್ಮ ಕಚೇರಿಯಿಂದ ಬರಬೇಕು. ಜಿಲ್ಲೆಯಲ್ಲಿ ಎಲ್ಲೆಲ್ಲಿ ಈ ಪರೀಕ್ಷೆ ಆಗುತ್ತದೆ, ವಾರ ಯಾವುದು, ದರ ಎಷ್ಟು, ಯಾವ ಕಾರ್ಡಿಗೆ ಎಷ್ಟು ರಿಯಾಯಿತಿ, ಗಂಟು ಸಿಕ್ಕರೆ ಮುಂದೆ ಎಲ್ಲಿಗೆ ಅಂತ ಹತ್ತು ಸಾಲಿನಲ್ಲಿ ಬರೆದು ಕಳಿಸಿ. ಬೋರ್ಡ್ ಬರೆಸುವ ಖರ್ಚು ನನ್ನದು. ಅಂಗಡಿಯ ಮುಂದಿನ ಗೋಡೆಯಲ್ಲಿ ಆರಡಿ ಉದ್ದ, ನಾಲ್ಕಡಿ ಎತ್ತರದ ಜಾಗ ಖಾಲಿ ಇದೆ. ಶೀತದ ಔಷಧದ ಕಂಪನಿಯವರು ಕೇಳಿದ್ದರು, ಇನ್ನೂ ಕೊಟ್ಟಿಲ್ಲ.

ಇಂತಿ,
ಶಿರಸಿಯ ಒಬ್ಬ ಔಷಧ ಅಂಗಡಿಯವನು